ಚೀಲದಲ್ಲಿ ಕಲ್ಲು, ಬಳೆಯಲ್ಲಿ ಪಿನ್ನು

ಬಾಗಲಕೋಟೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಾಗ ಅಪ್ಪ ನನಗೆ ಒಂದು ಕಲ್ಲು ಕೊಟ್ಟ.

ಅಪ್ಪ ಇಳಕಲ್‌ನಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾನೆ. ಗಿರಾಕಿಗಳಿಗೆ ಬಣ್ಣ ತೋರಿಸಲು ಅಲ್ಲಿ ಅಂಗೈಯಗಲದ ಚೌಕ ತುಂಡುಗಳನ್ನು ಕೊಯ್ದಿಟ್ಟಿರುತ್ತಾರೆ. ಅವಕ್ಕೆ ಸ್ಯಾಂಪಲ್ ಎನ್ನುತ್ತಾರೆ. ಮೂಲೆ ಮುರಿದ ಸ್ಯಾಂಪಲ್ಲುಗಳು ನಮ್ಮ ಮನೆಗೆ ಬರುತ್ತವೆ. ಬಾಗಿಲಿಗೆ ಆನಿಸಿಡಲು ಒಂದು, ಬೆಳ್ಳುಳ್ಳಿ ಜಜ್ಜಲು ಒಂದು, ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಒಂದು. ನನಗೆ ಕೊಟ್ಟದ್ದು ಕೆಂಪು ಕಲ್ಲು. ಒಂದು ಮಗ್ಗುಲು ಮುಖ ಕಾಣುವಷ್ಟು ನುಣುಪು, ಇನ್ನೊಂದು ಮಗ್ಗುಲು ಒರಟು. ನಾನು ಕಲಿಸುವುದು ರಸಾಯನಶಾಸ್ತ್ರ. ಮೊದಲ ವಾರವೇ ಪ್ರಯೋಗಾಲಯದಲ್ಲಿ ಯಾರೂ ಇಲ್ಲದಾಗ ಅದನ್ನು ತೂಗಿ ನೋಡಿದೆ. ಐದುನೂರ ನಲವತ್ತು ಗ್ರಾಂ ಇತ್ತು.

"ಚೀಲದಾಗ ಇರ್ಲಿ," ಅಂದಿದ್ದ ಅಪ್ಪ.

"ಯಾಕಪ್ಪಾ?"

"ಇರ್ಲಿ ಯವ್ವಾ. ತಳದಾಗ ಇಡು. ಮ್ಯಾಲ ಊಟದ ಡಬ್ಬಿ ಇಟ್ಕೋ."

ಅದಕ್ಕಿಂತ ಹೆಚ್ಚು ಅವನು ಹೇಳಲಿಲ್ಲ. ಯಾತಕ್ಕೆಂದು ಇಬ್ಬರಿಗೂ ಗೊತ್ತಿತ್ತು. ಅಪ್ಪ ಮಗಳು ಕೂತು ಆಡುವ ಮಾತು ಅದಲ್ಲ. ನಾನು ನೌಕರಿಗೆ ಹೋಗಬೇಕು ಎಂಬುದು ಅವನ ಆಸೆಯಾಗಿತ್ತು, ಆ ಆಸೆಯನ್ನು ಅವನು ಕಲ್ಲಿನ ರೂಪದಲ್ಲಿ ಕೊಟ್ಟ ಎಂದು ನಾನು ತಿಳಿದುಕೊಂಡೆ.

ಅವ್ವ ಕೊಟ್ಟದ್ದು ಪಿನ್ನು. ನಮ್ಮ ಕಡೆ ಹೆಂಗಸರ ಬಳೆಗೆ, ತಾಳಿಯ ದಾರಕ್ಕೆ ಯಾವಾಗಲೂ ಎರಡು ಮೂರು ಪಿನ್ನು ಜೋತುಬಿದ್ದಿರುತ್ತವೆ. ಸೆರಗಿಗೆ ಬೇಕಾಗುತ್ತವೆ, ಚಪ್ಪಲಿ ಕಿತ್ತರೆ ಬೇಕಾಗುತ್ತವೆ, ಕಾಲಿಗೆ ಮುಳ್ಳು ನಟ್ಟರೆ ಬೇಕಾಗುತ್ತವೆ. ಅವ್ವ ಎರಡು ದೊಡ್ಡ ಪಿನ್ನುಗಳನ್ನು ನನ್ನ ಬಲಗೈಯ ಬಳೆಗೆ ಸಿಕ್ಕಿಸಿದಳು.

"ಹೊತ್ತ ಬಂದಾಗ ಇವನ್ನ ತಗೀಬೇಕು. ಸೆರಗಿನ ಪಿನ್ ಮಾತ್ರ ಮುಟ್ಟಬ್ಯಾಡ. ಅದನ್ನ ತಗದ್ರ ಸೆರಗ ಜಾರತೈತಿ, ಆಮ್ಯಾಲ ನಿನಗ ಎರಡೂ ಕೈ ಸಾಲೂದಿಲ್ಲ."

ಇಷ್ಟು ಕರಾರುವಾಕ್ಕಾದ ಮಾತು ಸುಮ್ಮನೆ ಹುಟ್ಟುವುದಿಲ್ಲ. ಆದರೆ ಆಗ ನನಗೆ ಅದು ಹೊಳೆಯಲಿಲ್ಲ.

ನನ್ನದು ಬೆಳಗ್ಗೆ ಏಳೂ ಹತ್ತರ ಬಸ್ಸು. ಕುಷ್ಟಗಿ ಕಡೆಯಿಂದ ಬರುತ್ತದೆ, ಇಳಕಲ್ ಮುಟ್ಟುವಷ್ಟರಲ್ಲಿಯೇ ತುಂಬಿರುತ್ತದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ಇನ್ನೂ ತುಂಬುತ್ತದೆ. ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆಗೆ ಒಂದೂಮುಕ್ಕಾಲು ತಾಸು. ವಾರದ ಆರು ದಿನದಲ್ಲಿ ಐದು ದಿನ ನಿಂತೇ ಹೋಗಬೇಕು. ಆ ಹೊತ್ತಿನಲ್ಲಿ ಅಂದಿನ ಪಾಠವನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಳ್ಳಬಹುದು ಎಂದುಕೊಂಡಿದ್ದೆ. ಆಗಲಿಲ್ಲ. ಬಸ್ಸಿನಲ್ಲಿ ನಿಂತವಳಿಗೆ ಬೇರೆ ಪಾಠವಿರುತ್ತದೆ: ಯಾರ ಕೈ ಎಲ್ಲಿದೆ, ಬ್ರೇಕು ಹಾಕಿದಾಗ ಮುಂದೆ ಬಿದ್ದವನು ಎಷ್ಟು ಹೊತ್ತಿಗೆ ಹಿಂದೆ ಸರಿದ, ಈ ಮೊಣಕಾಲು ರಸ್ತೆಯ ಕುಲುಕಾಟದಿಂದ ತಾಗುತ್ತಿದೆಯೋ ರಸ್ತೆ ಸಪಾಟಾದರೂ ತಾಗುತ್ತಿದೆಯೋ. ಕಾಲೇಜು ಮುಟ್ಟುವಷ್ಟರಲ್ಲಿ ನನಗೆ ಒಂದು ದಿನದ ದಣಿವು ಆಗಿರುತ್ತಿತ್ತು. ಮೊದಲನೆಯ ತರಗತಿ ಆಮೇಲೆ ಶುರು.

ಕಲ್ಲಿನ ವಿಷಯದಲ್ಲಿ ಅಪ್ಪ ಒಂದು ಲೆಕ್ಕ ತಪ್ಪಿದ್ದ. ಅವನು ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವನು, ಬಸ್ಸಿನ ರೂಢಿ ಅವನಿಗೆ ನೆನಪಿರಲಿಲ್ಲ. ನಮ್ಮ ಬಸ್ಸುಗಳಲ್ಲಿ ನಿಂತವರ ಚೀಲವನ್ನು ಕುಳಿತವರು ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಕೇಳುವ ಪ್ರಶ್ನೆಯೇ ಇಲ್ಲ. ಹತ್ತಿದ ಕೂಡಲೇ ಯಾರೋ "ತಾ ಇಲ್ಲೆ" ಎಂದು ಕೈ ಚಾಚುತ್ತಾರೆ. ಕೊಡದಿದ್ದರೆ ಅವರಿಗೆ ಅವಮಾನ. "ಯಾಕ, ನಾವೇನು ತಗೊಂಡು ಓಡಿ ಹೋಗ್ತೀವೇನ?" ಎನ್ನುತ್ತಾರೆ, ಉಳಿದವರು ತಿರುಗಿ ನೋಡುತ್ತಾರೆ. ಹಾಗಾಗಿ ನನ್ನ ಆಯುಧ ದಿನವೂ ಯಾರದೋ ತೊಡೆಯ ಮೇಲೆ ಕುಳಿತು ಬಾಗಲಕೋಟೆಗೆ ಹೋಗುತ್ತಿತ್ತು, ನಾನು ನಿಂತು ಹೋಗುತ್ತಿದ್ದೆ.

ಇದು ಗೊತ್ತಾದದ್ದು ಸೇರಿದ ಮೂರನೆಯ ವಾರ. ಅಮೀನಗಡ ದಾಟಿದ ಮೇಲೆ ಸೊಂಟದ ಹತ್ತಿರ ಒಂದು ಕೈ ಬಂತು. ನನ್ನ ಕೈ ತಾನಾಗಿ ಹೆಗಲಿಗೆ ಹೋಯಿತು. ಹೆಗಲಿನಲ್ಲಿ ಚೀಲ ಇರಲಿಲ್ಲ. ಮೂರು ಸೀಟಿನಾಚೆ ಒಬ್ಬ ಹೆಂಗಸು ಅದರ ಮೇಲೆ ಗಲ್ಲ ಊರಿ ನಿದ್ದೆ ಮಾಡುತ್ತಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಅವಳನ್ನು ಎಬ್ಬಿಸಿ, ಚೀಲ ಇಸಿದುಕೊಂಡು, ಡಬ್ಬಿ ತೆಗೆದು, ಪುಸ್ತಕ ತೆಗೆದು, ತಳದ ಕಲ್ಲು ತೆಗೆಯಬೇಕಾಗಿತ್ತು. ನಾನು ಒಂದು ಹೆಜ್ಜೆ ಮುಂದೆ ಸರಿದು ನಿಂತೆ. ಅಷ್ಟೇ ಮಾಡಿದೆ.

ಆ ಸಂಜೆಯೂ ಅವ್ವ ದಿನದಂತೆ ಕೇಳಿದಳು: "ಏನರ ಆತೇನ?"

"ಇಲ್ಲ," ಅಂದೆ.

ಇಲ್ಲ ಎನ್ನುವುದನ್ನು ನನಗೆ ಕಲಿಸಿದವಳು ದೊಡ್ಡಪ್ಪನ ಮಗಳು. ನನಗಿಂತ ನಾಲ್ಕು ವರ್ಷ ದೊಡ್ಡವಳು. ಬಾದಾಮಿಯಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಕೋಣೆ ಮಾಡಿಕೊಂಡು ಶಿಕ್ಷಕಿಯಾಗಲು ಓದುತ್ತಿದ್ದಳು. ಬಸ್ ನಿಲ್ದಾಣದಿಂದ ಕೋಣೆಯವರೆಗೆ ಒಬ್ಬ ದಿನವೂ ಮೋಟರ್ ಸೈಕಲ್ಲಿನಲ್ಲಿ ಹಿಂದೆ ಬರುತ್ತಿದ್ದ. ಅವಳು ಕರ್ಚೀಫಿನಲ್ಲಿ ಖಾರದ ಪುಡಿ ಕಟ್ಟಿಟ್ಟುಕೊಂಡಳು. ಒಂದು ದಿನ ಹೊಂಡದ ಕಡೆಯ ತಿರುವಿನಲ್ಲಿ ಅವನು ಗಾಡಿ ಅಡ್ಡ ಹಾಕಿದಾಗ ಎಸೆದಳು. ಗುಡ್ಡದ ಕಡೆಯಿಂದ ಗಾಳಿ ಅವಳಿಗೇ ಎದುರಾಗಿತ್ತು. ಅರ್ಧ ಪುಡಿ ಅವಳ ಕಣ್ಣಿಗೆ ಬಿತ್ತು. ದವಾಖಾನೆಗೆ ಒಯ್ಯಬೇಕಾಯಿತು, ಒಯ್ದವರು ಮನೆಗೆ ಫೋನು ಮಾಡಿದರು. ವಾರದೊಳಗೆ ಅವಳ ಟ್ರಂಕು ಇಳಕಲ್‌ಗೆ ವಾಪಸು ಬಂತು. ಅವನು ಯಾರು, ಏನು ಮಾಡಿದ ಎಂದು ಯಾರೂ ಕೇಳಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವಳ ಮದುವೆಯಾಯಿತು.

ನನಗೆ ಕೆಲಸ ಸಿಕ್ಕ ಸುದ್ದಿ ಹೇಳಲು ಕೂಡಲಸಂಗಮದ ಹತ್ತಿರದ ಅವಳ ಗಂಡನ ಊರಿಗೆ ಹೋಗಿದ್ದೆ. ಮಗುವಿಗೆ ಅನ್ನ ಕಲಸುತ್ತ ಅವಳು ಅಂದಳು: "ಖಾರದ ಪುಡಿ ಒಯ್ಯಬ್ಯಾಡ. ಒಯ್ದರೂ ಮೊದಲ ಗಾಳಿ ನೋಡು." ಇಬ್ಬರೂ ನಕ್ಕೆವು. ಸ್ವಲ್ಪ ಹೊತ್ತಿನ ಮೇಲೆ, ನನ್ನ ಮುಖ ನೋಡದೆ, "ಏನ ಆದ್ರೂ ಮನ್ಯಾಗ ಹೇಳಬ್ಯಾಡ," ಅಂದಳು.

ಹೀಗಾಗಿ ನನಗೆ ಖಚಿತವಾಗಿ ತಿಳಿದಿತ್ತು. ಇಂಥ ಸುದ್ದಿ ಮನೆಗೆ ಬಾರದಿರುವವರೆಗೆ ನನ್ನ ನೌಕರಿ. ಬಂದ ದಿನ ಮುಗಿಯಿತು. ನಾನು ಕಲ್ಲು ಬೀಸಿದರೆ ಸುದ್ದಿ, ಕೂಗಿದರೆ ಸುದ್ದಿ. ಪಿನ್ನು ಒಂದೇ ಸುದ್ದಿಯಾಗದ ವಸ್ತು. ಚುಚ್ಚಿಸಿಕೊಂಡವನು ಹೇಳಿಕೊಳ್ಳುವುದಿಲ್ಲ, ಚುಚ್ಚಿದವಳೂ ಹೇಳಿಕೊಳ್ಳುವುದಿಲ್ಲ. ಮೊದಲ ಎರಡು ವರ್ಷದಲ್ಲಿ ನಾನು ಅದನ್ನು ಆರು ಸಲ ಬಳಸಿದ್ದೆ. ಆರೂ ಸಲ ಕೈ ಸದ್ದಿಲ್ಲದೆ ಹಿಂದೆ ಹೋಯಿತು. ಯಾರ ಕೈ ಎಂದು ನಾನು ತಿರುಗಿ ನೋಡಲಿಲ್ಲ. ನೋಡಿದರೆ ಮುಖ ನೆನಪಿರುತ್ತದೆ, ನಾಳೆ ಅದೇ ಮುಖ ಅದೇ ಬಸ್ಸಿನಲ್ಲಿ ಇರುತ್ತದೆ.

ಏಳನೆಯ ಸಲ ಹಾಗಾಗಲಿಲ್ಲ.

ಕಳೆದ ವರ್ಷ ದೀಪಾವಳಿ ರಜೆ ಮುಗಿದ ಮೊದಲ ಸೋಮವಾರ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಣೆಗೆ ಭಂಡಾರ ಹಚ್ಚಿಕೊಂಡ ಒಬ್ಬ ಮುದುಕಿ ಕಿಟಕಿಯ ಹತ್ತಿರ ಕುಳಿತಿದ್ದಳು. ಮರೋಳದ ಕಡೆಯವಳಂತೆ, ಬಾಗಲಕೋಟೆಯಲ್ಲಿದ್ದ ಮಗಳ ಮನೆಗೆ ಹೊರಟಿದ್ದಳು. ನನ್ನ ಚೀಲ ಇಸಿದುಕೊಂಡವಳು ಒಮ್ಮೆ ಎತ್ತಿ ತೂಗಿ ನೋಡಿದಳು.

"ಏನವ್ವಾ ಇದು, ಕಲ್ಲು ಹೊತ್ತುಕೊಂಡು ಹೊಂಟೀಯೇನ?"

"ಹೌದಜ್ಜಿ."

"ಹೌದಂತ ನೋಡ," ಎಂದು ಮಗ್ಗುಲಿನವಳಿಗೆ ಹೇಳಿ ನಕ್ಕಳು. "ಓದಿದ ಹುಡಿಗ್ಯಾರು ಹಿಂಗ ಮಾತಾಡ್ತಾರ."

ಹುನಗುಂದದಲ್ಲಿ ಇನ್ನಷ್ಟು ಜನ ಹತ್ತಿದರು. ನನ್ನ ಹಿಂದೆ ಬಂದು ನಿಂತವನಿಗೆ ಐವತ್ತರ ಮೇಲೆ ವಯಸ್ಸು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಆ ಫೈಲನ್ನು ಅವನು ಎದೆಗೆ ಅಡ್ಡ ಹಿಡಿದುಕೊಂಡಿದ್ದ, ಅದರ ಮರೆಯಲ್ಲಿ ಇನ್ನೊಂದು ಕೈ. ನಾನು ಮುಂದೆ ಸರಿದೆ, ಕೈಯೂ ಸರಿಯಿತು. ಸರಿಯಲು ಇನ್ನು ಜಾಗವಿರಲಿಲ್ಲ. ಬಳೆಯಿಂದ ಪಿನ್ನು ಬಿಡಿಸಿ ಚುಚ್ಚಿದೆ. ಬಹುಶಃ ಅದೇ ಹೊತ್ತಿಗೆ ಬಸ್ಸು ಉಬ್ಬು ಹಾರಿತು. ಪಿನ್ನು ನಾನು ಎಣಿಸಿದ್ದಕ್ಕಿಂತ ಆಳಕ್ಕೆ ಹೋಯಿತು.

"ಅಯ್ಯಯ್ಯಪ್ಪಾ!" ಎಂದು ಅವನು ಕಿರುಚಿದ. ಇಡೀ ಬಸ್ಸು ತಿರುಗಿತು. "ಏನ್ ಚುಚ್ಚಿದಿ ನೀ? ಏನ್ ಚುಚ್ಚಿದಿ? ರಕ್ತ ಬಂತ ನೋಡ್ರಿ ಇಲ್ಲೆ!"

"ಏನಾತ್ರಿ?" ಕಂಡಕ್ಟರ್ ಜನರ ನಡುವಿನಿಂದ ಕತ್ತು ಚಾಚಿದ.

"ಏನಾಗೂದು? ಪುಕ್ಕಟೆ ಅಡ್ಡಾಡಿ ಅಡ್ಡಾಡಿ ಸೊಕ್ಕ ಬಂದೈತಿ ಇವರಿಗೆ. ರೊಕ್ಕಾ ಕೊಟ್ಟ ನಿಂತಾಂವಗ ಚುಚ್ಚತಾರ. ನನ್ನ ಮಗಳ ವಾರಿಗಿಯಾಕಿ!"

ಕಂಡಕ್ಟರ್ ನನ್ನನ್ನು ನೋಡಿದ. "ಏನಾತ್ರಿ ಅಕ್ಕಾರ? ಹೇಳ್ರಿ."

ಎಂಬತ್ತು ಜನರ ತರಗತಿಯಲ್ಲಿ ಮೈಕಿಲ್ಲದೆ ಕೊನೆಯ ಬೆಂಚಿಗೆ ಕೇಳಿಸುವ ದನಿ ನನ್ನದು. ಅಂದು ಬರಲಿಲ್ಲ. ಬಾಯಿ ತೆರೆದೆ. ಹೇಳಬೇಕಾದ ಪದಗಳು ನನಗೆ ಗೊತ್ತಿದ್ದವು, ಅವನ್ನು ಅಷ್ಟು ಜನರ ಎದುರು ಆಡುವುದು ಆಗಲಿಲ್ಲ. ಕೈಯಲ್ಲಿ ತೆರೆದ ಪಿನ್ನು ಹಿಡಿದು ನಿಂತಿದ್ದೆ.

"ಆಕಿನ್ನ ಯಾಕ ಕೇಳ್ತೀಯೋ?" ಎಂದಳು ಮುದುಕಿ, ಕುಳಿತಲ್ಲಿಂದಲೇ. "ಆಕಿ ಕೈಯಾಗ ಪಿನ್ ಐತಿ, ಕಾಣ್ತೈತಿ. ಅಂವನ ಕೈ ಎಲ್ಲಿತ್ತು, ಅದನ್ನ ಕೇಳು."

ಹಿಂದಿನಿಂದ ಯಾರೋ ನಕ್ಕರು.

"ಏ ಮುದುಕಿ, ನೀ ಸುಮ್ನ ಕುಂದ್ರ."

"ಸುಮ್ನ ಕುಂತೇನಪಾ. ನಿನ್ನಂಗ ಸುಮ್ನ ನಿಂದ್ರಾಕ ಬರದಾಕಿ ಅಲ್ಲ ನಾ."

ಈಗ ನಗು ಜೋರಾಯಿತು. "ಸಾಹೇಬ್ರ, ನೀವು ಡ್ರೈವರ್ ಕಡೆ ಬಂದುಬಿಡ್ರಿ, ಅಲ್ಲಿ ಗಾಳಿ ಛಲೋ ಬರತೈತಿ," ಎಂದ ಕಂಡಕ್ಟರ್. ಫೈಲಿನವನು ಏನೋ ಗೊಣಗುತ್ತ ಮುಂದೆ ಹೋದ. ಅಮೀನಗಡದಲ್ಲಿ ಇಳಿದ. ಅಲ್ಲಿ ಇಳಿಯುವವನೇ ಇದ್ದನೋ ಏನೋ.

ಮುದುಕಿ ನನ್ನ ಸೆರಗು ಜಗ್ಗಿ ಬಗ್ಗಿಸಿಕೊಂಡಳು. ನನ್ನ ಚೀಲದೊಳಗೆ ಕೈ ಹಾಕಿ ನೋಡಿದ್ದಳೆಂದು ಕಾಣುತ್ತದೆ. "ಹುಚ್ಚಿ, ಇಂಥಾ ಕಲ್ಲ ನನ್ನ ತೊಡಿ ಮ್ಯಾಲ ಇಟ್ಟು, ನೀ ಪಿನ್ ಹಿಡಕೊಂಡ ನಿಂತೀಯಲ್ಲ," ಎಂದು ಪಿಸುಗುಟ್ಟಿದಳು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಆದರೆ ಅಷ್ಟರಲ್ಲಿ ನಾನು ಇನ್ನೊಂದನ್ನು ಗಮನಿಸಿದ್ದೆ. ಮುಂದಿನ ಸೀಟಿನಲ್ಲಿ ನಮ್ಮ ಓಣಿಯ ಒಬ್ಬ ಹೆಂಗಸು ಕುಳಿತಿದ್ದಳು. ಅವಳು ನನ್ನನ್ನು ಪೂರ್ತಿ ನೋಡಿದ್ದಳು. ಈಗ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಅಂದು ನಾಲ್ಕು ತರಗತಿ ತೆಗೆದುಕೊಂಡೆ. ಆಮ್ಲ, ಪ್ರತ್ಯಾಮ್ಲ ಎಂದೇನೋ ಹೇಳಿದೆ. ಸಂಜೆ ಮನೆ ಮುಟ್ಟಿದಾಗ ಬಾಗಿಲ ಹೊರಗೆ ದೊಡ್ಡಪ್ಪನ ಚಪ್ಪಲಿ ಇದ್ದವು.

ದೊಡ್ಡಪ್ಪ ಕೆಟ್ಟವನಲ್ಲ. ನಾನು ಎಂ.ಎಸ್ಸಿ. ಪಾಸಾದಾಗ ಓಣಿಗೆಲ್ಲ ಪೇಡೆ ಹಂಚಿದವನು ಅವನೇ. ಮನೆಯ ದೊಡ್ಡ ಮಾತುಗಳೆಲ್ಲ ಅವನ ಬಾಯಿಂದ ಬರಬೇಕು, ಅಪ್ಪ ಎದುರಾಡುವುದಿಲ್ಲ.

"ಸಾಕಿನ್ನ," ಎಂದ. "ಇದೇನ ಪರ್ಮನೆಂಟ್ ನೌಕರಿ ಐತೇನ? ವರ್ಷಕ್ಕೊಮ್ಮೆ ತಗದಹಾಕ್ತಾರ, ಮತ್ತ ಕರೀತಾರ. ಇಂಥಾದ್ದಕ್ಕ ಬಸ್ಸಿನ್ಯಾಗ ಮಂದಿ ಕಡೆ ಬೈಸಿಕೊಂಡ ಯಾಕ ಹೋಗಬೇಕು? ಊರಾಗ ಟ್ಯೂಷನ್ ಹೇಳು."

ಅಪ್ಪ ಅಂಗೈಯ ಮೇಲಿನ ಕಲ್ಲುಪುಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ. ಅದು ಎಷ್ಟು ತೊಳೆದರೂ ಹೋಗುವಂಥದ್ದಲ್ಲ. ನಾನು ಚೀಲ ಕೆಳಗಿಡದೆ ಬಾಗಿಲಲ್ಲಿ ನಿಂತಿದ್ದೆ. ದೊಡ್ಡಪ್ಪನ ಮಗಳ ಟ್ರಂಕು ನೆನಪಾಗುತ್ತಿತ್ತು. ನಾನು ಏನಾದರೂ ಹೇಳಬೇಕಾಗಿತ್ತು. ಬೆಳಗ್ಗೆ ಬಾರದ ದನಿ ಸಂಜೆಯೂ ಬರಲಿಲ್ಲ.

ಅವ್ವ ಮೂಲೆಯಲ್ಲಿ ಕೂತು ರಾಟೆಯ ಮೇಲೆ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಪಕ್ಕದ ಮನೆಯವರ ಮಗ್ಗಕ್ಕೆ ಅವಳು ನೂಲು ಸುತ್ತಿಕೊಡುತ್ತಾಳೆ. ರಾಟೆ ನಿಲ್ಲಿಸಿದಳು.

"ಒಂದು ವಾರ ನಾ ಆಕಿ ಜೋಡಿ ಹೋಗ್ತೇನಿ ಭಾವ. ಹೆಂಗೂ ನನಗೂ ಟಿಕೆಟ್ ಇಲ್ಲ. ಹೆಂಗ ಐತಿ ನೋಡಿ ಬರ್ತೇನಿ."

"ನೋಡಿ?"

"ನೋಡಿ ಹೇಳ್ತೇನಿ. ಛಲೋ ಇಲ್ಲಂದ್ರ ಬಿಡಿಸೂಣು. ಐತಂದ್ರ ಹೋಗ್ಲಿ."

ದೊಡ್ಡಪ್ಪ ಅಪ್ಪನ ಕಡೆ ನೋಡಿದ. ಅಪ್ಪ ತಲೆಯಾಡಿಸಿದ. ಹೀಗೆ ನನ್ನ ನೌಕರಿ ಶನಿವಾರದವರೆಗೆ ಉಳಿಯಿತು.

ಅವ್ವ ಬಸ್ಸಿನ ವಿಷಯದಲ್ಲಿ ನನಗಿಂತ ಚುರುಕು. ಮಂಗಳವಾರ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ತನ್ನ ಚೀಲ ಒಳಗೆ ತೂರಿಸಿ ಒಂದು ಸೀಟು ಹಿಡಿದಳು, ನನ್ನನ್ನು ಕೂರಿಸಿ ತಾನು ನಿಂತಳು. ಬೇಡ ಎಂದರೆ ಕೇಳಲಿಲ್ಲ. ಕಾಲೇಜಿನಲ್ಲಿ ಇಡೀ ದಿನ ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತಳು. ಹುಡುಗಿಯರು ಅವಳಿಗೆ ಚಹಾ ತಂದುಕೊಟ್ಟರು, ಅವಳು ಅವರ ಊರು, ಮನೆತನ, ಅಣ್ಣತಮ್ಮಂದಿರನ್ನೆಲ್ಲ ವಿಚಾರಿಸಿದಳು. ನನ್ನ ಬಗ್ಗೆ ವಿದ್ಯಾರ್ಥಿಗಳಿಗೆ ಅದುವರೆಗೆ ಏನೂ ಗೊತ್ತಿರಲಿಲ್ಲ. ಎರಡು ದಿನದಲ್ಲಿ ನನಗೆ ಬದನೆಕಾಯಿ ಸೇರುವುದಿಲ್ಲ ಎಂಬುದೂ ಗೊತ್ತಾಯಿತು.

ಗುರುವಾರ ಸೀಟು ಸಿಗಲಿಲ್ಲ. ಇಬ್ಬರೂ ನಿಂತೆವು, ನಮ್ಮ ಚೀಲಗಳು ಎಂದಿನಂತೆ ಯಾರದೋ ತೊಡೆ ಸೇರಿದವು. ಅವ್ವ ನನ್ನ ಹಿಂದೆ ನಿಂತಿದ್ದಳು. ನನ್ನ ಬೆನ್ನಿಗೆ ಯಾರೂ ಬರಬಾರದೆಂದು. ಹುನಗುಂದ ದಾಟಿದ ಮೇಲೆ ಅವಳು ಮಾತು ನಿಲ್ಲಿಸಿದಳು. ಓಣಿಯ ಯಾರದೋ ಮನೆಯ ಕತೆ ಹೇಳುತ್ತಿದ್ದವಳು ಅರ್ಧಕ್ಕೆ ಬಿಟ್ಟಳು. ನಾನು ತಿರುಗಿ ನೋಡಿದೆ. ಅವಳ ಮುಖ ಎದುರಿನ ಕಂಬಿಯನ್ನು ನೋಡುತ್ತಿತ್ತು. ತುಟಿ ಬಿಗಿದಿತ್ತು, ಹೆಗಲು ಎತ್ತರಕ್ಕೆ ಹೋಗಿದ್ದವು. ಆ ನಿಲುವು ನನಗೆ ಗೊತ್ತು. ದಿನವೂ ನಾನು ಹಾಗೆಯೇ ನಿಲ್ಲುವುದು. ಹೊರಗಿನಿಂದ ಅದು ಹೇಗೆ ಕಾಣುತ್ತದೆ ಎಂದು ಮಾತ್ರ ಮೊದಲ ಸಲ ನೋಡಿದೆ.

ಅವ್ವನಿಗೆ ಐವತ್ತೆರಡು ವರ್ಷ. ತಲೆ ಮುಕ್ಕಾಲು ಬೆಳ್ಳಗಾಗಿದೆ.

ಅವಳು ಏನನ್ನೂ ತೆಗೆಯಲಿಲ್ಲ. ಮೇಲಿನ ಕಂಬಿಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದಳು. ಹಾಗೆ ಬದಲಾಯಿಸುವಾಗ ಎಡ ಮೊಣಕೈ ಹಿಂದಕ್ಕೆ ಹೋಯಿತು. ಬೇಗ ಏನೂ ಅಲ್ಲ. ರೊಟ್ಟಿ ತಟ್ಟುವಾಗ ಹಿಟ್ಟಿನ ಬುಟ್ಟಿಯನ್ನು ಹಿಂದೆ ಸರಿಸುತ್ತಾಳಲ್ಲ, ಹಾಗೆ. ಹಿಂದಿನಿಂದ "ಹಕ್" ಎಂಬ ಒಂದು ಸದ್ದು ಬಂತು. ಒಬ್ಬ ಗಂಡಸು ಬಾಗಿಲ ಕಡೆ ದಾರಿ ಮಾಡಿಕೊಂಡು ಹೋದ. ಅವ್ವ ತಿರುಗಲಿಲ್ಲ. "ಹಾಂ, ಏನ ಹೇಳಾಕತ್ತಿದ್ದೆ? ಆಮ್ಯಾಲ ಆಕಿ ಅತ್ತಿ ಬಂದ್ಲು..." ಎಂದು ಕತೆ ಮುಂದುವರಿಸಿದಳು.

ಬಾಗಲಕೋಟೆಯಲ್ಲಿ ಇಳಿದು ಕಾಲೇಜಿನ ಕಡೆ ನಡೆಯುವಾಗ ಕೇಳಿದೆ.

"ಅವ್ವಾ, ಯಾವಾಗಿಂದ?"

"ಏನ ಯಾವಾಗಿಂದ?"

ಅವಳು ಸ್ವಲ್ಪ ದೂರ ನಡೆದಳು.

"ಬಸ್ ಯಾವಾಗಿಂದ ಅದಾವ, ಅವಾಗಿಂದ," ಎಂದಳು. "ಸೀರಿ ಒಯ್ದು ಕೊಡಾಕ ಹುನಗುಂದಕ್ಕ ಹೋಗ್ತಿದ್ದೆ. ನೀ ಹೊಟ್ಟ್ಯಾಗಿದ್ದಿ." ಮತ್ತೆ, "ಬಿಸಲ ಭಾಳ ಆತು, ಸೆರಗ ತಲಿ ಮ್ಯಾಲ ಹಾಕ್ಕೋ," ಎಂದಳು.

ಮೂವತ್ತು ವರ್ಷ ಪ್ರತಿ ಸಂಜೆ ಅಪ್ಪ ಕೇಳಿದ್ದರೆ ಅವಳೂ ಇಲ್ಲ ಎಂದೇ ಹೇಳಿರುತ್ತಿದ್ದಳು. ಅಪ್ಪ ಕೇಳಿರಲಾರ.

ಮರುದಿನ ಶುಕ್ರವಾರ ಕಾಲೇಜಿನಲ್ಲಿ ಹುಡುಗಿಯರಿಗೆ ಸ್ವರಕ್ಷಣೆಯ ತರಬೇತಿ ಇತ್ತು. ಒಂದು ತಿಂಗಳ ಹಿಂದೆಯೇ ನಿಗದಿಯಾಗಿತ್ತು. ವಿಭಾಗದಲ್ಲಿ ಚಿಕ್ಕ ವಯಸ್ಸಿನ ಹೆಂಗಸು ನಾನೊಬ್ಬಳೇ ಎಂದು ನನ್ನನ್ನು ಸಂಚಾಲಕಿ ಮಾಡಿದ್ದರು. ತರಬೇತಿ ಕೊಡಲು ಬಂದ ಮಹಿಳಾ ಪೊಲೀಸು ಬಹಳ ಹುರುಪಿನವರು. "ಚೀಲ ಖಾಲಿ ಮಾಡ್ರಿ," ಎಂದರು. ಮೇಜಿನ ಮೇಲೆ ಪೆನ್ನು, ಬೀಗದ ಕೈ, ಛತ್ರಿ, ನೀರಿನ ಬಾಟಲಿ, ಸ್ಟೀಲಿನ ಡಬ್ಬಿ, ಕೈವಾರ, ಬಾಚಣಿಕೆ, ದುಪಟ್ಟಾ ಎಲ್ಲ ಬಂದವು. ಬೀಗದ ಕೈಯನ್ನು ಬೆರಳ ಸಂದಿಯಲ್ಲಿ ಹೇಗೆ ಹಿಡಿಯಬೇಕು, ಪೆನ್ನಿನಿಂದ ಎಲ್ಲಿ ತಿವಿಯಬೇಕು, ಛತ್ರಿಯ ಹಿಡಿಕೆ ಯಾತಕ್ಕೆ, ತುದಿ ಯಾತಕ್ಕೆ ಎಂದು ಮಾಡಿ ತೋರಿಸಿದರು. ಚೆನ್ನಾಗಿ ಹೇಳಿದರು. "ಎಲ್ಲಕ್ಕಿಂತ ಮೊದಲ ಕೂಗ್ರಿ. ದನಿ ನಿಮ್ಮ ಮೊದಲನೇ ಆಯುಧ," ಎಂದು ಎಲ್ಲರಿಂದಲೂ ಕೂಗಿಸಿದರು. ನೂರು ಹುಡುಗಿಯರು ಒಟ್ಟಿಗೆ ಕೂಗಿದಾಗ ಕಿಟಕಿಯ ಪಾರಿವಾಳಗಳು ಹಾರಿದವು. ಎಲ್ಲರೂ ನಕ್ಕರು. ಅವ್ವ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುತ್ತಿದ್ದಳು. ಅವಳು ಕೂಗಲಿಲ್ಲ. ನಾನೂ.

ಮುಗಿದ ಮೇಲೆ ಬಾಟಲಿ, ಛತ್ರಿಗಳನ್ನು ಅವರವರಿಗೆ ಹಿಂತಿರುಗಿಸುತ್ತಿದ್ದಾಗ ಎರಡನೆಯ ವರ್ಷದ ಒಬ್ಬ ಹುಡುಗಿ ಉಳಿದುಕೊಂಡಳು. ಅಮೀನಗಡದಿಂದ ಬರುವವಳು. ಕೊನೆಯ ಸಾಲಿನಲ್ಲಿ ಕೂರುತ್ತಾಳೆ, ಅಚ್ಚುಕಟ್ಟಾಗಿ ಬರೆಯುತ್ತಾಳೆ, ಎದ್ದು ಪ್ರಶ್ನೆ ಕೇಳಿದ್ದು ನಾನು ನೋಡಿಲ್ಲ.

"ಮೇಡಂರಿ, ಸಪ್ಪಳ ಆಗದಂಥಾದ್ದು ಏನರ ಐತೇನ್ರಿ?"

"ಅಂದ್ರೆ?"

"ಕೂಗಿದ್ರ ಎಲ್ಲಾರಿಗೂ ಗೊತ್ತಾಗತೈತ್ರಿ. ಆಮ್ಯಾಲ ಮನ್ಯಾಗ..." ಅಲ್ಲಿಗೆ ನಿಲ್ಲಿಸಿದಳು.

ಮನೆಯಲ್ಲಿ ಹೇಳು ಎನ್ನುವುದು ಉಪನ್ಯಾಸಕಿಯ ಕರ್ತವ್ಯ. ಆ ಮಾತು ನಾಲಿಗೆಯವರೆಗೆ ಬಂತು. ಅವಳು ಬುಧವಾರ ಕೇಳಿದ್ದರೆ ಹೇಳಿಯೂ ಬಿಡುತ್ತಿದ್ದೆನೇನೋ. ಈಗ ಹಿಂದಿನ ಬೆಂಚಿನಲ್ಲಿ ಅವ್ವ ಕುಳಿತಿದ್ದಳು.

"ಮೊಣಕೈ," ಎಂದಳು ಅವ್ವ.

ಹುಡುಗಿ ತಿರುಗಿ ನೋಡಿದಳು.

"ಬಾ ಇಲ್ಲೆ. ಕಂಬಿ ಹಿಡಕೊಂಡೀದಿ ಅಂತ ತಿಳಕೋ. ಕೈ ಬದಲಿ ಮಾಡು. ಹಾಂ. ಸಿಟ್ಟೀಲೆ ಅಲ್ಲ, ಆಕಳಿಸಿದಂಗ ಮಾಡು. ಅಂವನ ಪಕ್ಕಿ ಎಲುಬಿಗೆ ಬೀಳಬೇಕು." ಅವಳು ಎದ್ದು ಹುಡುಗಿಯ ಕೈ ಹಿಡಿದು ಎರಡು ಸಲ ಮಾಡಿಸಿದಳು. ಹುಡುಗಿಗೆ ನಗು ಬಂತು. ಅವ್ವ ನಗಲಿಲ್ಲ. "ದಿನಾ ಅಂವನ ಏನು, ಬ್ಯಾರೆ ಬ್ಯಾರೆ ಏನು?" ಎಂದು ಕೇಳಿದಳು.

"ಅಂವನ್ರಿ."

ಅವ್ವ ನನ್ನ ಕಡೆ ನೋಡಿದಳು. ಆ ನೋಟಕ್ಕೆ ನಾನು ಒಂದು ಉತ್ತರ ಕೊಡಬೇಕಾಗಿತ್ತು.

"ನಾನು ಏಳೂ ಹತ್ತರ ಬಸ್ಸಿಗೆ ಬರುತ್ತೇನೆ," ಎಂದೆ ಹುಡುಗಿಗೆ. "ಸೋಮವಾರ ನೀನು ನಿನ್ನ ಬಸ್ಸು ಬಿಟ್ಟು ಅದಕ್ಕೇ ಹತ್ತು. ಕಂಡಕ್ಟರ್ ಸೀಟಿನಿಂದ ಮೂರನೇ ಕಂಬಿಯ ಹತ್ತಿರ ಇರುತ್ತೇನೆ." ಹೇಳಿದ ಮೇಲೆ ನೆನಪಾಯಿತು, ಸೋಮವಾರ ನಾನು ಬರುತ್ತೇನೋ ಇಲ್ಲವೋ ಎಂಬುದೇ ಇನ್ನೂ ತೀರ್ಮಾನವಾಗಿರಲಿಲ್ಲ. ಅವ್ವನೂ ಕೇಳಿಸಿಕೊಂಡಳು.

ಶನಿವಾರ ಸಂಜೆ ದೊಡ್ಡಪ್ಪ ಬಂದ. ಚಹಾ ಕುಡಿದ. ಮಳೆಯ ಮಾತು, ಯಾರದೋ ಬೀಗರ ಮಾತು ಆದವು. ಅಪ್ಪ ಎಂದಿಗಿಂತ ಬೇಗ ಕೆಲಸದಿಂದ ಬಂದಿದ್ದ. ನಾನು ಒಳಗಿನ ಕೋಣೆಯಲ್ಲಿ ಉತ್ತರಪತ್ರಿಕೆ ನೋಡುತ್ತಿದ್ದೆ. ಒಂದೇ ಪುಟವನ್ನು ನೋಡುತ್ತಿದ್ದೆ.

"ಮತ್ತ, ಹೆಂಗ ಐತಿ ಬಸ್ಸು?" ಎಂದು ದೊಡ್ಡಪ್ಪ ಕೇಳಿದ.

ರಾಟೆಯ ಸದ್ದು ನಿಂತಿತು.

"ಏನೂ ಇಲ್ಲ ಭಾವ," ಎಂದಳು ಅವ್ವ. "ಗದ್ದಲ ಇರತೈತಿ, ಖರೆ. ಮಂದಿ ಛಲೋ ಅದಾರ. ನನಗ ಎದ್ದು ಸೀಟು ಕೊಡ್ತಾರ, ಚೀಲ ಹಿಡೀತಾರ. ಅವತ್ತ ಅಂವ ಒಬ್ಬಾಂವ ಹಂಗ ಇದ್ದ, ಇಳದ ಹ್ವಾದ."

"ನೀ ನಿಂತು ನೋಡೀದಿ?"

"ಐದ ದಿನ ನೋಡೇನಿ. ಮನ್ನಿ ನಾನೂ ನಿಂತೇ ಹೋಗೇನಿ. ನನಗೇನರ ಆತೇನ? ಏನೂ ಆಗಲಿಲ್ಲ."

"ಹಂಗಾರ ಹೋಗ್ಲಿ ಬಿಡು," ಎಂದ ದೊಡ್ಡಪ್ಪ. ಅವನ ದನಿಯಲ್ಲಿ ಭಾರ ಇಳಿದದ್ದು ಕೇಳಿಸಿತು. ಅಪ್ಪನೂ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಇಬ್ಬರಿಗೂ ಬೇಕಾಗಿದ್ದದ್ದು ಅದೇ ಉತ್ತರ. ಆಮೇಲೆ ಅವ್ವ ಒಳಗೆ ಬಂದಳು, ಗೂಡಿನಿಂದ ನೂಲಿನ ಲಡಿ ತೆಗೆದುಕೊಂಡಳು. ನಾನು ತಲೆ ಎತ್ತಿದೆ. ಧನ್ಯವಾದ ಎನ್ನುವ ಪದ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿಲ್ಲ, ಹೇಳಿದರೆ ಅದು ಎಲ್ಲಿಂದಲೋ ಬಂದವರ ಮಾತಿನಂತೆ ಕೇಳಿಸುತ್ತದೆ.

"ಅಷ್ಟ ಯಾಕ ನೋಡ್ತೀ?" ಎಂದಳು. "ಸೋಮವಾರ ಆ ಹುಡಿಗಿಗೆ ಬರ್ತೇನಿ ಅಂತ ಹೇಳೀದಿಲ್ಲ?"

ನೌಕರಿ ಉಳಿಯಿತು. ಸಂತೋಷವಾಗಬೇಕಾಗಿತ್ತು. ಆ ರಾತ್ರಿ ಹನ್ನೊಂದು ತಾಸು ನಿದ್ದೆ ಮಾಡಿದೆ ಎಂಬುದಷ್ಟೇ ನೆನಪಿದೆ.

ಸೋಮವಾರ ಮೂರನೆಯ ಕಂಬಿಯ ಹತ್ತಿರ ನಿಂತೆ. ಅಮೀನಗಡದಲ್ಲಿ ಹುಡುಗಿ ಹತ್ತಿದಳು, ಜನರನ್ನು ಸರಿಸಿಕೊಂಡು ನನ್ನವರೆಗೆ ಬಂದಳು. ಅವಳ ಹಿಂದೆ ಯಾರಾದರೂ ಹತ್ತಿದರೇ ಎಂದು ನಾನು ನೋಡಿದೆ. ಬಹಳ ಜನ ಹತ್ತಿದ್ದರು.

"ನಿಮ್ಮ ಅವ್ವಾರು ಬರಲಿಲ್ಲೇನ್ರಿ?"

"ಇಲ್ಲ. ಇನ್ನು ಬರುವುದಿಲ್ಲ. ಬಸ್ಸಿನಲ್ಲಿ ಏನೂ ಇಲ್ಲ ಅಂತ ಮನೆಯಲ್ಲಿ ಹೇಳಿದ್ದಾರೆ."

"ನಮ್ಮ ಮನ್ಯಾಗ ನಾನೂ ಹಂಗ ಹೇಳೇನ್ರಿ," ಎಂದಳು.

ಕಂಡಕ್ಟರ್ ಸೀಟಿ ಊದಿದ. ಅವಳು ತಿರುಗಿ ನನ್ನ ಬೆನ್ನಿಗೆ ತನ್ನ ಬೆನ್ನು ಕೊಟ್ಟು ನಿಂತಳು, ನಾನು ಮುಂದೆ ನೋಡಿದೆ, ಅವಳು ಹಿಂದೆ. ಬಾಗಲಕೋಟೆ ಬರುವವರೆಗೆ ಇಬ್ಬರೂ ಮಾತಾಡಲಿಲ್ಲ. ಮಾತಾಡುತ್ತ ನಿಂತರೆ ಗಮನ ತಪ್ಪುತ್ತದೆ.